ಜೋಡಿ ಮಾವನ ಉಪ್ಪುನೀರಿನ ಮನೆ ಅಳಿಯ

ದಾವಣಗೆರೆಯ ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ಊಟದ ಪಂಕ್ತಿಯ ತುದಿಯಲ್ಲಿ ಅವರು ಸಿಗುತ್ತಾರೆ. ಬಿಳಿ ಅಂಗಿ, ಅದರ ಜೇಬಿನಲ್ಲಿ ಮಡಿಚಿಟ್ಟ ಬಯೋಡೇಟಾಗಳು, ಎಲೆಯ ಮೇಲೆ ಎರಡನೇ ಹೋಳಿಗೆ. "ನಿಮ್ಮ ಸಣ್ಣ ಮಗಂದು ಏನಾತು? ಇನ್ನೂ ಹಂಗೇ ಇದಾನಾ?" ಎಂದು ಕೇಳುವ ಧಾಟಿ, ಕಣದಲ್ಲಿ ಒಣಹಾಕಿದ ಮೆಕ್ಕೆಜೋಳ ಮಳೆಗೆ ಸಿಕ್ಕಿತಾ ಎಂದು ವಿಚಾರಿಸಿದಂತಿರುತ್ತದೆ. ನಮ್ಮ ಕಡೆ ಅವರನ್ನು ಜೋಡಿ ಮಾವ ಅನ್ನುತ್ತೇವೆ. ನಿಮ್ಮ ಓಣಿಯಲ್ಲಿ ಬೇರೆ ಹೆಸರಿರಬಹುದು, ಆಸಾಮಿ ಮಾತ್ರ ಅವರೇ.

ಮಾವ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಮಾಡಿದವರು. ಅಂಗಡಿಯನ್ನು ಈಗ ಮಗ ನೋಡಿಕೊಳ್ಳುತ್ತಾನೆ, ದಲಾಲಿ ಮಾತ್ರ ಮಾವನ ಜೊತೆ ಮನೆಗೆ ಬಂದಿದೆ. ಸಂಬಂಧ ಕುದುರಿಸಿದ್ದಕ್ಕೆ ಒಂದು ಪೈಸೆ ಮುಟ್ಟುವುದಿಲ್ಲ. ಮೊದಲ ಪಂಕ್ತಿಯಲ್ಲಿ ಎಲೆ, ಫೋಟೊದಲ್ಲಿ ಬೀಗರ ಪಕ್ಕದ ಜಾಗ, ಇಷ್ಟಾದರೆ ತೃಪ್ತರು. ಅವರ ಕಟ್ಟಳೆಗಳೂ ಊರಿಗೇ ಬಾಯಿಪಾಠ. ಹುಡುಗ ಹುಡುಗಿಗಿಂತ ಮೂರ್ನಾಲ್ಕು ವರ್ಷ ದೊಡ್ಡವನಿರಬೇಕು. ನಿಲ್ಲಿಸಿ ನೋಡಿದರೆ ನಾಲ್ಕು ಬೆರಳು ಎತ್ತರ ಇರಬೇಕು. ಸಂಬಳ ಅವಳಿಗಿಂತ ಒಂದು ರೂಪಾಯಿಯಾದರೂ ಜಾಸ್ತಿ. ಮನೆ ಅಳಿಯತನಕ್ಕೆ ಒಪ್ಪುವ ಹುಡುಗನ ಬಯೋಡೇಟಾ ಬಂದರೆ ಎರಡೇ ಬೆರಳಲ್ಲಿ ಹಿಡಿದು ವಾಪಸು ಕೊಡುತ್ತಾರೆ.

ಇಂಥವರ ನಡುಮನೆಗೆ ಸಮುದ್ರ ಬಂದದ್ದು ಮೊಮ್ಮಗಳ ಹಟದಿಂದ. ಅವಳಿಗೆ ನೀಮೋ ಮೀನೇ ಬೇಕಿತ್ತು. ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆ ಬಳಿದ ಆ ಕ್ಲೌನ್ ಮೀನು ಹರಿಹರದ ಹತ್ತಿರ ರಾಜನಹಳ್ಳಿಯಿಂದ ಬರುವ ಹೊಳೆ ನೀರಿನಲ್ಲಿ ಬದುಕುವುದಿಲ್ಲ. ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಸಮುದ್ರದ ಉಪ್ಪಿನ ಪುಡಿ ಕಲಸಬೇಕು. ಅಡುಗೆ ಉಪ್ಪು ನಡೆಯದು, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಲೆಕ್ಕವಾಗಿ ಬೆರೆತ ಪ್ಯಾಕೇಟೇ ಆಗಬೇಕು. "ಇಷ್ಟು ಉಪ್ಪಿಗೆ ಎರಡು ವರ್ಷದ ಉಪ್ಪಿನಕಾಯಿ ಹಾಕ್ಬಹುದಿತ್ತು" ಎಂದು ಅತ್ತೆ ಅಂದದ್ದನ್ನು ಮಾವ ಕೇಳಿಸಿಕೊಳ್ಳಲಿಲ್ಲ. ನಾಲ್ಕಡಿ ಗಾಜಿನ ತೊಟ್ಟಿಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಕೊಟ್ಟವರು ಹರಿಹರದ ಬೀಗರು. ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮೇಲೆ ಪಳಗಿದ ಕೈ, ಕೂದಲೆಳೆ ಓರೆಯಾದರೂ ಅವರಿಗೆ ನಿದ್ದೆ ಬಾರದು. ಬೇಸಿಗೆಯಲ್ಲಿ ಊರು ನಲವತ್ತರ ಹತ್ತಿರ ಕಾಯುವಾಗ ಮನೆಯವರೆಲ್ಲ ಬೀಸಣಿಗೆ ಹಿಡಿದಿರುತ್ತಾರೆ, ಮೀನಿಗೆ ಮಾತ್ರ ಚಿಲ್ಲರ್ ಇಟ್ಟು 26 ಡಿಗ್ರಿ.

ಮೀನಿಗೆ ರಾಜ ಅಂತ ಹೆಸರಿಟ್ಟರು. ರಾಜ ಒಂಟಿಯಾಗಿ ಉಂಡು, ತಿಂದು, ದಪ್ಪಗಾದ. ಅಷ್ಟು ವಯಸ್ಸಾದ ಒಂಟಿ ಗಂಡು ಕಣ್ಣೆದುರೇ ಓಡಾಡಿಕೊಂಡಿದ್ದರೆ ಜೋಡಿ ಮಾವನಿಗೆ ಅನ್ನ ಇಳಿಯುತ್ತದೆಯೇ? ಬೆಂಗಳೂರಿನ ಮೀನಿನ ಅಂಗಡಿಗೆ ಫೋನು ಹೋಯಿತು. ಸ್ಪೀಕರ್ ಹಾಕಿಯೇ ಮಾತಾಡುವುದು ಅವರ ಪದ್ಧತಿ, ಸಂಬಂಧದ ಮಾತು ನಾಲ್ಕು ಜನರ ಎದುರೇ ಆಗಬೇಕು.

"ನಮ್ಮ ರಾಜಂಗೊಂದು ಹೆಣ್ಣು ನೋಡಪಾ. ಅವನಿಗಿಂತ ಸ್ವಲ್ಪ ಸಣ್ಣದಿರ್ಲಿ, ಬಣ್ಣ ಚೆನ್ನಾಗಿರ್ಲಿ."

"ಅಂಕಲ್, ನಿಮ್ಮದು ಗಂಡಾಗಿರಲಿಕ್ಕಿಲ್ಲ."

"ಗಂಡಲ್ಲ ಅಂದ್ರೆ?"

"ಇವು ಮರಿಯಿದ್ದಾಗ ಗಂಡೂ ಅಲ್ಲ, ಹೆಣ್ಣೂ ಅಲ್ಲ ಅಂಕಲ್. ದೊಡ್ಡವಾಗ್ತಾ ಮೊದಲು ಗಂಡಾಗ್ತವೆ. ಗುಂಪಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೇದು ಅದರ ಗಂಡ. ಉಳಿದವು ಸುಮ್ನೆ ಇರ್ತವೆ. ನಿಮ್ಮ ತೊಟ್ಟೀಲಿ ಇಷ್ಟು ವರ್ಷ ಅದೇ ದೊಡ್ಡದು ತಾನೇ? ಹೆಣ್ಣಾಗಿ ಕೂತಿರ್ಬಹುದು. ಒಂದ್ಸಲ ಹೆಣ್ಣಾದ್ರೆ ಮತ್ತೆ ಗಂಡಾಗಲ್ಲ. ಅದೇ ಸೈಜಿಂದು ಇನ್ನೊಂದು ತಂದು ಬಿಟ್ರೆ ಕಚ್ಚಾಡಿ ಒಂದೇ ಉಳಿಯೋದು. ಅರ್ಧ ಸೈಜಿಂದು ಕಳಿಸ್ತೀನಿ, ಅದು ಗಂಡಾಗಿ ಹೊಂದಿಕೊಳ್ಳುತ್ತೆ."

ಮಾವ ಜೀವಮಾನದಲ್ಲಿ ನೂರಾರು ಜಾತಕ ಕಂಡವರು, ಇಂಥದ್ದನ್ನು ಕಂಡಿರಲಿಲ್ಲ. ವರ ವಧುವಿನ ಅರ್ಧ ಎತ್ತರ. ವಯಸ್ಸಿನಲ್ಲಿ ಚಿಕ್ಕವನು. ಆಸ್ತಿ ಏನೂ ಇಲ್ಲ, ಬರುವುದು ಪ್ಲಾಸ್ಟಿಕ್ ಚೀಲದಲ್ಲಿ. ಉಳಿಯುವುದು ಹೆಣ್ಣಿನ ಮನೆಯಲ್ಲೇ.

"ಅಂದ್ರೆ ಮನೆ ಅಳಿಯ" ಎಂದು ಅತ್ತೆ ಅಡುಗೆಮನೆಯಿಂದಲೇ ಒಂದು ಮಾತು ಹಾಕಿದರು.

ಮಾವ ಹರಿಹರಕ್ಕೆ ಫೋನು ಮಾಡಿದರು. ಬೀಗರು ಹರಿಹರೇಶ್ವರನ ಗುಡಿಗೆ ದಿನಾ ಸಂಜೆ ಹೋಗುವ ಜೀವ. 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಆ ಗುಡಿಯಲ್ಲಿ ಒಂದೇ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಹರಿಯೊಬ್ಬನಿಂದಲೂ ಸಾಯದ, ಹರನೊಬ್ಬನಿಂದಲೂ ಸಾಯದ ವರ ಪಡೆದ ಗುಹಾಸುರನನ್ನು ಮುಗಿಸಲು ಇಬ್ಬರೂ ಒಂದಾಗಿ ಬಂದರೆಂದು ಸ್ಥಳಪುರಾಣ. "ನಮ್ಮೂರಾಗೆ ದೇವ್ರೇ ಒಂದು ಮೈಯಾಗೆ ಇಬ್ರು ಅದಾರೆ. ಅದೇ ಹರಿ ಮೋಹಿನಿ ಆಗಿ ಭಸ್ಮಾಸುರನ್ನ ಕುಣಿಸಲಿಲ್ವಾ? ನಿಮ್ಮ ರಾಜ ರಾಣಿಯಾದ್ರೆ ಏನ್ ಮುಳುಗ್ತತೆ? ತರ್ಸ್ರಿ ಬೀಗರೇ" ಎಂದರು. ಧರ್ಮಸೂಕ್ಷ್ಮ ಅಲ್ಲಿಗೆ ಬಗೆಹರಿಯಿತು.

ಮಾವನಿಗೆ ಇನ್ನೊಂದು ಸಂದೇಹ ಉಳಿದಿತ್ತು. ನಾಳೆ ಹೆಣ್ಣು ಸತ್ತರೆ? ಅದಕ್ಕೂ ಸಮುದ್ರದಲ್ಲಿ ವ್ಯವಸ್ಥೆಯಿದೆ. ಗಂಡ ಹೆಣ್ಣಾಗುತ್ತಾನೆ, ಸುಮ್ಮನಿದ್ದ ಮೂರನೆಯದು ಬೆಳೆದು ಗಂಡನ ಸ್ಥಾನಕ್ಕೆ ಬರುತ್ತದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತೇವಲ್ಲ, ಇಲ್ಲಿ ಅತ್ತೆಯ ಕಾಲವೂ ಕೊನೆಗೆ ಅಳಿಯನಿಗೇ. ಬೇರೆ ಕೆಲವು ಮೀನುಗಳ ಸರದಿ ಉಲ್ಟಾ. ಕ್ಲೀನರ್ ರ‍್ಯಾಸ್ ಎಂಬ ಪುಟ್ಟ ನೀಲಿ ಮೀನಿನಲ್ಲಿ ಗಂಡೊಂದಕ್ಕೆ ಹಲವು ಹೆಂಡಿರು, ಗಂಡು ಸತ್ತರೆ ದೊಡ್ಡ ಹೆಂಡತಿಯೇ ಗಂಡಾಗುತ್ತಾಳೆ. ಆಸ್ಟ್ರೇಲಿಯಾದ ಹವಳದ ದಂಡೆಯಲ್ಲಿ ಇದನ್ನು ಗಮನಿಸಿ ರಾಬರ್ಟ್‌ಸನ್ ಎಂಬ ವಿಜ್ಞಾನಿ 1972ರಲ್ಲಿ ಬರೆದರು. ಕೆಲವೇ ಗಂಟೆಗಳಲ್ಲಿ ಆಕೆಯ ನಡೆ ಯಜಮಾನನದ್ದಾಗುತ್ತದೆ, ಎರಡು ವಾರದ ಸುಮಾರಿಗೆ ಒಳಗಿನ ದೇಹವೂ ಬದಲಾಗುತ್ತದೆ. ಇದನ್ನು ಕೇಳಿ ಮಾವ ಬೆರಗಾದದ್ದು ಪ್ರಕೃತಿಯ ಲೀಲೆಗಲ್ಲ. "ಹದಿನೈದು ದಿನದಾಗೆ ಪೌತಿ ಖಾತೆ! ಯಾವ ತಾಲ್ಲೂಕಿನಾಗೆ ಆಗ್ತತೆ ಹೇಳ್ರಿ?"

ವರ ರಾತ್ರಿ ಬಸ್ಸಿನಲ್ಲಿ ಥರ್ಮೋಕೋಲ್ ಡಬ್ಬಿಯೊಳಗೆ ಬಂದಿಳಿದ. ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು ಬಿಸಿ ಸಮ ಮಾಡಿ, ಹನಿಹನಿಯಾಗಿ ನೀರು ಹೊಂದಿಸಿ, ತೂತುಗಳಿರುವ ಪಾರದರ್ಶಕ ಡಬ್ಬಿಯಲ್ಲಿ ಒಳಗಿಟ್ಟರು. ಒಬ್ಬರಿಗೊಬ್ಬರು ಕಾಣಬೇಕು, ಮುಟ್ಟಬಾರದು. ಹೆಣ್ಣು ನೋಡುವ ಶಾಸ್ತ್ರವೆಂದರೂ ಅಷ್ಟೇ ತಾನೆ. ಬಿಡುವ ದಿನ ಬೀಗರು ಬಂದರು, ನೆರೆಯವರೂ ಬಂದರು. ಮಂಡಕ್ಕಿ, ಮಿರ್ಚಿ, ಚಹಾ. ಬಿಡುವ ಮುಂಚೆ ಒಳಗಿನ ಕಲ್ಲುಗಳನ್ನು ಅದಲುಬದಲು ಮಾಡಿಸಿದರು. ಜಾಗವೇ ಹೊಸದಾದರೆ ಹಳಬಳಿಗೆ ತನ್ನ ಮನೆ ಎಂಬ ಸೊಕ್ಕು ತುಸು ತಗ್ಗುತ್ತದೆಂದು ಅಂಗಡಿ ಹುಡುಗ ಹೇಳಿದ್ದ.

ರಾಣಿ ಬಂದಳು, ಒಂದು ಸುತ್ತು ಹಾಕಿದಳು, ಬಾಲಕ್ಕೊಂದು ಚುಚ್ಚಿದಳು. ಆಗ ಆ ಬೆರಳುದ್ದದ ಹುಡುಗ ಮಾಡಿದ್ದನ್ನು ನೋಡಬೇಕಿತ್ತು. ಓಡಲಿಲ್ಲ. ಒಂದು ಪಕ್ಕಕ್ಕೆ ವಾಲಿ, ತಲೆಯಿಂದ ಬಾಲದವರೆಗೆ ಗಡಗಡ ನಡುಗಿದ. ಇನ್ನೊಂದು ಚುಚ್ಚು, ಇನ್ನೊಂದು ನಡುಕ. ನೆರೆಯವರೊಬ್ಬರು "ಕರೆಂಟ್ ಹೊಡೀತೇನೋ, ಪ್ಲಗ್ ತೆಗೀರಿ" ಎಂದು ಎದ್ದೇಬಿಟ್ಟರು. ಅದು ಕರೆಂಟಲ್ಲ, ಶರಣಾಗತಿ: ನೀನೇ ದೊಡ್ಡವಳು, ನನ್ನ ತಂಟೆಯಿಲ್ಲ ಎಂಬ ಒಪ್ಪಿಗೆ. ಕಡಲಿನ ಕ್ಲೌನ್ ಮೀನುಗಳು ಇಷ್ಟಕ್ಕೇ ನಿಲ್ಲುವುದಿಲ್ಲ, ಮೇಲಿನವರಿಗೆ ಸ್ಪರ್ಧಿಯಾಗದಂತೆ ತಮ್ಮ ಬೆಳವಣಿಗೆಯನ್ನೇ ತಡೆಹಿಡಿಯುತ್ತವೆಂದು ಪೀಟರ್ ಬಸ್ಟನ್ 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಕೂಡುಕುಟುಂಬದಲ್ಲಿ ಮೂರನೇ ತಮ್ಮನಾಗಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

"ಸಂಸ್ಕಾರ ಐತೆ ಹುಡುಗಂಗೆ" ಎಂದು ತೀರ್ಪಿತ್ತ ಮಾವ ಮಿರ್ಚಿಗೆ ಕೈಹಾಕಿದರು.

ಕೆಲವು ದಿನಕ್ಕೆ ಎರಡೂ ಪಂಪಿನ ಮೂಲೆಯಲ್ಲಿ ಅಕ್ಕಪಕ್ಕ ಮಲಗತೊಡಗಿದವು. ತಿಂಗಳುಗಳ ಮೇಲೆ ಕಲ್ಲಿನ ಬದಿಯಲ್ಲಿ ಕಿತ್ತಳೆ ಮೊಟ್ಟೆಗಳು ಕಂಡವು. ಕಾವಲು ಕೂತು, ರೆಕ್ಕೆಯಿಂದ ಗಾಳಿ ಹಾಕಿ, ಕೆಟ್ಟದ್ದನ್ನು ಬಾಯಿಂದ ಆರಿಸಿ ತೆಗೆದವನು ಅಳಿಯ. "ಬಾಣಂತನಾನೂ ಇವಂದೇ?" ಎಂದು ಬೀಗರು ಮರುಗಿದರು. ಮರಿಗಳು ಉಳಿಯಲಿಲ್ಲ. ದೀಪ ಆರಿಸಿದ ಮೇಲೆ ಒಡೆಯುವ ಆ ಮರಿಗಳಿಗೆ ರೋಟಿಫರ್ ಎಂಬ ಸೂಕ್ಷ್ಮಜೀವಿಯನ್ನು ಬೇರೆ ತೊಟ್ಟಿಯಲ್ಲಿ ಸಾಕಿ ಉಣಿಸಬೇಕು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಂಡಪಂ, ವಿಳಿಂಜಂಗಳಲ್ಲಿ ಮಾಡುವ ಕೆಲಸ ಅದು, ನಡುಮನೆಯ ದಲಾಲಿಗೆ ದಕ್ಕುವುದಲ್ಲ.

ದಕ್ಕಿದ್ದು ಬೇರೆ. ಹುಡುಗಿ ಎರಡು ವರ್ಷ ದೊಡ್ಡವಳೆಂದು ಮಾವನೇ ಬದಿಗಿಟ್ಟಿದ್ದ ಸಂಬಂಧವೊಂದಿತ್ತು. ಆಕೆ ಡಾಕ್ಟರು, ಹುಡುಗ ಹರಿಹರದ ಲೆಕ್ಚರರ್, ಎತ್ತರದಲ್ಲೂ ಒಂದು ಬೆರಳು ಕಮ್ಮಿ. ಮಾವ ಎರಡೂ ಮನೆಯವರನ್ನು ತೊಟ್ಟಿಯ ಮುಂದೆ ಕೂರಿಸಿ "ಸಮುದ್ರ ಪೂರ್ತಿ ಹಿಂಗೇ ನಡೆದೈತ್ರೀ, ನಾವ್ಯಾವ ಲೆಕ್ಕ?" ಅಂದರು. ಮದುವೆ ಆಯಿತು, ಫೋಟೊದಲ್ಲಿ ಮಾವ ಬೀಗರ ಪಕ್ಕದಲ್ಲಿದ್ದಾರೆ. ಮನುಷ್ಯ ಬದಲಾದರೆಂದು ನಾವು ಹಿಗ್ಗುವಷ್ಟರಲ್ಲೇ ಇನ್ನೊಂದು ಮನೆಯಲ್ಲಿ "ಹುಡುಗ ನಾಲ್ಕು ವರ್ಷನಾದ್ರೂ ದೊಡ್ಡವ ಇರ್ಬೇಕ್ರೀ, ಮುರು ಮೀನು ನೋಡ್ರಿ, ಅದರಾಗೆ ದೊಡ್ಡದೇ ಗಂಡು" ಎಂದು ಅದೇ ಬಾಯಲ್ಲಿ ಹೇಳಿಬಂದಿದ್ದರು. ಅದೂ ಸುಳ್ಳಲ್ಲ, ಮುರು ಮೀನು ಹೆಣ್ಣಾಗಿ ಬಾಳಿ ದೊಡ್ಡದಾದ ಮೇಲೆ ಗಂಡಾಗುವ ಜಾತಿ. ದಲಾಲಿಯಲ್ಲಿ ಮೊದಲು ವ್ಯಾಪಾರ ಕುದುರಬೇಕು, ನಿಯಮ ಆಮೇಲೆ ಸಿಗುತ್ತದೆ. ಸಮುದ್ರದಲ್ಲಂತೂ ಯಾವ ಮಾಲಿಗೂ ಒಂದು ನಿಯಮ ಸಿಗುತ್ತದೆಂದು ಮಾವನಿಗೆ ಈಗ ಗೊತ್ತಾಗಿದೆ.

ನೀವೂ ಆ ಮೀನು ನೋಡಲು ಹೋಗುವವರಿದ್ದರೆ ಧಾರಾಳವಾಗಿ ಹೋಗಿ, ಮಿರ್ಚಿ ಬಿಸಿ ಬಿಸಿ ಸಿಗುತ್ತದೆ. ಗಾಜಿನ ಮೇಲೆ ಬಡಿಯಬೇಡಿ, ಕೈ ಒಳಗೆ ಹಾಕಬೇಡಿ. ಮದುವೆಗೆ ಬಂದ ಮಕ್ಕಳಿದ್ದರೆ ಮಾತ್ರ ಮನೆಯಲ್ಲೇ ಬಿಟ್ಟುಹೋಗಿ. ಚಹಾ ಬರುವ ಮೊದಲೇ ಬಯೋಡೇಟಾ ಕೇಳುತ್ತಾರೆ.