ನಿಸರ್ಗಪದ್ಯದ ಪ್ರಾಣಿಶಾಸ್ತ್ರ

ಮಳೆಯ ಮೇಲೆ ನಾಲ್ಕು ಸಾಲು ಕಟ್ಟಿದವರು ಅದನ್ನು ಅಚ್ಚಿಗೆ ಕೊಡುವ ಮೊದಲು ಒಳಗೆ ಯಾವ ಪ್ರಾಣಿ ಇದೆಯೆಂದು ನೋಡಿಕೊಳ್ಳತಕ್ಕದ್ದು. ಇದು ನನ್ನ ಕುಚೋದ್ಯವಲ್ಲ. 10ನೆಯ ಶತಮಾನದ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಪ್ರಾಸಗಳನ್ನು ಆರೆಂದು ಎಣಿಸಿ, ಆರಕ್ಕೂ ಮೃಗಗಳ ಹೆಸರಿಟ್ಟಿದ್ದಾನೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಅದು ಬಂದ ವೇಷ ನೋಡಿ ಮೃಗದ ಜಾತಿ ನಿರ್ಣಯ. ಲಕ್ಷಣ ಅವನದು, ಲಕ್ಷ್ಯ ನಮ್ಮದು.

ಹಿಂದೆ ಹ್ರಸ್ವವಿದ್ದರೆ ಸಿಂಹಪ್ರಾಸ: ಮಳೆ, ಇಳೆ, ಹೊಳೆ, ಬೆಳೆ, ಕಳೆ. ಮುಂಗಾರು ಕವಿಗಳ ಅಂಗಳದಲ್ಲಿ ಸಿಂಹಗಳು ಹಿಂಡುಗಟ್ಟಿ ತಿರುಗುವುದರಿಂದ ಈಗ ಯಾರೂ ಹೆದರುವುದಿಲ್ಲ. ದೀರ್ಘವಿದ್ದರೆ ಗಜ: ಕಾಡು, ಗೂಡು, ಹಾಡು, ನಾಡು. ಕಾಡಿನ ಪದ್ಯಕ್ಕೆ ಆನೆ ಯುಕ್ತವೇ. ಆದರೆ ಅದು ನಾಲ್ಕನೆಯ ಸಾಲಿಗೆ ತಪ್ಪದೆ ನಾಡಿಗೆ ನುಗ್ಗಿ ರಾಜ್ಯೋತ್ಸವದ ಭಾಷಣ ಶುರುಮಾಡುತ್ತದೆ. ಬಿಂದುವಿದ್ದರೆ ವೃಷಭ (ಚಂದಿರ, ಮಂದಿರ), ಸಜಾತೀಯ ಒತ್ತಾದರೆ ಹಯ (ಹಕ್ಕಿ, ಚುಕ್ಕಿ), ವಿಜಾತೀಯವಾದರೆ ಶರಭ (ವೃಕ್ಷ, ಪಕ್ಷಿ). ಎಂಟು ಕಾಲಿನ ಶರಭವನ್ನು ಕಂಡವರಿಲ್ಲ. ‘ವೃಕ್ಷ’ ಎಂದು ಬರೆಯುವವರೂ ಬಹುಶಃ ಮರ ಕಂಡವರಲ್ಲ.

ಉಳಿದದ್ದು ಅಜ. ಅದಕ್ಕೆ ವಿಸರ್ಗ ಬೇಕು, ನಿಸರ್ಗದಲ್ಲೋ ವಿಸರ್ಗವೇ ಇಲ್ಲ. ಬೆಟ್ಟ, ಬಿದಿರು, ಸೋನೆ, ಇಬ್ಬನಿ, ಯಾವುದಕ್ಕೂ ಆ ಜೋಡಿಚುಕ್ಕಿ ಅಂಟಿಲ್ಲ. ಕವಿ ‘ದುಃಖ’ವನ್ನೇ ಎಳೆತಂದು ಕಟ್ಟಬೇಕು, ಕಟ್ಟಿದರೂ ಮುಂದಿನ ಸಾಲಿಗೆ ಜೊತೆ ಸಿಗುವುದಿಲ್ಲ. ಆಡು ಮುಟ್ಟದ ಸೊಪ್ಪಿಲ್ಲವಂತೆ. ಛಂದಸ್ಸಿನ ಆಡು ಮಾತ್ರ ಒಂದು ಸೊಪ್ಪನ್ನೂ ಮುಟ್ಟಿಲ್ಲ.

ಅಲಂಕಾರ ವಿಚಾರ ಸಂಕ್ಷಿಪ್ತ. ಮಳೆ ಕಣ್ಣೀರಿನಂತೆ ಎಂದರೆ ಉಪಮೆ, ಕಣ್ಣೀರೇ ಎಂದರೆ ರೂಪಕ, ಮೋಡ ಅತ್ತಿತೋ ಎಂದರೆ ಉತ್ಪ್ರೇಕ್ಷೆ. ಮೂರರಲ್ಲೂ ಒದ್ದೆಯಾಗುವವನು ಓದುಗ.

ಪೂರ್ವಪಕ್ಷ: ಆದಿಪ್ರಾಸ ಈಗ ಯಾರಿಗೆ ಬೇಕು? ಗೋವಿಂದ ಪೈಗಳು ಅದನ್ನು ಬಿಟ್ಟೇಬಿಟ್ಟರು, 1926ರ ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಬಂದ ಮೇಲೆ ಕಿವಿಯೆಲ್ಲ ಸಾಲಿನ ತುದಿಗೆ. ಸರಿಯೇ. ಆದರೆ ಕನ್ನಡ ವಾಕ್ಯ ಮುಗಿಯುವುದು ಸಾಮಾನ್ಯವಾಗಿ ಕ್ರಿಯಾಪದದಲ್ಲಿ. ಮೋಡ ಕವಿಯಿತು, ಗುಡುಗು ಮೊಳಗಿತು, ನವಿಲು ಕುಣಿಯಿತು, ಕೊಡೆ ಮುರಿಯಿತು. ಈ ‘ಇತು’ ಕವಿಯ ಸಂಪಾದನೆಯಲ್ಲ, ವ್ಯಾಕರಣ ಬಿಟ್ಟ ದತ್ತಿ. ಕಂಬ ಬಾಗಿತು, ತಂತಿ ಹರಿಯಿತು ಎಂದು ತುಂಬಿರುವ ವಿದ್ಯುತ್ ಕಚೇರಿಯ ದೂರುಪುಸ್ತಕವೂ ಈ ಲೆಕ್ಕದಲ್ಲಿ ಮಹಾಕಾವ್ಯ. ನಾಗವರ್ಮ ಹೆಸರಿಡದ ಈ ಏಳನೆಯದನ್ನು ನಾನು ಕುರಿಪ್ರಾಸ ಎಂದು ಕರೆಯುತ್ತೇನೆ: ಮೊದಲ ಸಾಲು ಇಳಿದ ಹಳ್ಳಕ್ಕೆ ಮಿಕ್ಕವೂ ಇಳಿಯುತ್ತವೆ.

ಕುರಿಪ್ರಾಸಕ್ಕೆ ಅಂಕವಿಲ್ಲ. ಅಜಪ್ರಾಸದಲ್ಲಿ ನಾಲ್ಕು ಸಾಲಿನ ಮಳೆಪದ್ಯ ಬರೆದವರಿದ್ದರೆ ದಯವಿಟ್ಟು ಕಳುಹಿಸಿಕೊಡಿ. ಎರಡೇ ಸಾಲಾದರೂ ಸಾಕು.