ಸ್ಪೀಕರಿನ ತಲೆಗೆ ತಟ್ಟೋ ಮುಂಚೆ

ಸ್ಪೀಕರ್ ಗುಂಯ್ ಅಂದ ತಕ್ಷಣ ನೀವು ಮಾಡೋ ಮೊದಲ ಕೆಲಸ ಏನು, ನಾನೇ ಹೇಳ್ಲಾ? ಅದರ ತಲೆಗೊಂದು ಏಟು. (ಇಲ್ಲ ಅನ್ನಬೇಡಿ, ಮನೆಯವರೆಲ್ಲ ನೋಡಿದ್ದಾರೆ.) ಎರಡನೇದು, ಪಿನ್ನನ್ನ ಕಿವಿ ಹಿಂಡಿದ ಹಾಗೆ ತಿರುವೋದು. ಮೂರನೇದು, ಬೆಂಗಳೂರಲ್ಲಿರೋ ಅಕ್ಕನ ಮಗನಿಗೆ ಫೋನು. ಅವನು "ರೀಸ್ಟಾರ್ಟ್ ಮಾಡಿದ್ರಾ ಮಾಮ?" ಅಂತಾನೆ. ಮಾಡಿರಲ್ಲ. ಆದ್ರೂ "ಆವಾಗ್ಲೇ ಮಾಡ್ದೆ ಕಣೋ" ಅಂತೀರ.

ಆಂಧ್ರದ ಗಡಿಯಲ್ಲಿರೋ ನಮ್ಮ ಕಡೆ ಕಂಪ್ಯೂಟರಿನ ಕಾಯಿಲೆಯನ್ನ ಎರಡು ಭಾಷೇಲಿ ಹೇಳಬೇಕು. ಮನೇಲಿ ಕನ್ನಡದಲ್ಲಿ ಬೈಯೋದು, ಅಂಗಡೀಲಿ ತೆಲುಗಲ್ಲಿ ವಿವರಿಸೋದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿನ ಪಾಲಾಗಿ ರಾಯದುರ್ಗ ಆಂಧ್ರದ ಪಾಲಾಯ್ತಲ್ಲ, ಆ ಹಂಚಿಕೆಯ ಮರಿಮೊಮ್ಮಗ ಇದು. ಮಡಕಶಿರಾದವರಿಗಂತೂ ಕೇಳೋದೇ ಬೇಡ, ಮೂರು ಕಡೆ ಕರ್ನಾಟಕ, ಒಳಗೆ ಆಂಧ್ರ. ಆದ್ರೆ ಯಾವ ಭಾಷೇಲಾದ್ರೂ ನೀವು ಹೇಳೋದು ಒಂದೇ ಮಾತು: "ಸ್ಪೀಕರ್ ಹೋಗೈತೆ, ಹೊಸದು ಕೊಡಪ್ಪ." ಹೋಗಿಲ್ಲ ಸ್ವಾಮಿ! ಹೊಸದು ತಂದ್ರೂ ಅದು ಗುಂಯ್ ಅಂತೈತೆ. ಆಮೇಲೆ ಅಂಗಡಿಯವನ ಮೇಲೆ ಸಿಟ್ಟು.

ನಿಮ್ಮ ತಾತನ್ನ ನೆನೆಸ್ಕೊಳ್ಳಿ. ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಜ್ ಹತ್ರ ಮುಳ್ಳು ತಿರುಗಿಸಿ ಬೆಂಗಳೂರು ಆಕಾಶವಾಣಿ ಹಿಡೀತಿದ್ದವರು. ರೇಡಿಯೋ ಪಟಪಟ ಅಂದ್ರೆ "ಎಲ್ಲೋ ಸಿಡಿಲು", ಗರ್ರ್ ಅಂದ್ರೆ "ಯಾರೋ ಮೋಟ್ರು ಹಾಕಿದ್ರು" ಅಂತ ಕೂತಲ್ಲೇ ಹೇಳೋರು. ಅವರ ಮೊಮ್ಮಗ ನೀವು. ಎಲ್ಲ ಸದ್ದಿಗೂ ಒಂದೇ ಹೆಸರು ಇಟ್ಟಿದ್ದೀರ: "ಡಿಸ್ಟರ್ಬೆನ್ಸ್."

ಸ್ವಲ್ಪ ಕಿವಿಗೊಟ್ಟು ಕೇಳಿ. ಒಂದೇ ಸಮ ಗುಂಯ್ ಅಂದ್ರೆ ಅದು ಗೋಡೆಯಿಂದ ಬರೋ 50 ಹರ್ಟ್ಜ್ ಕರೆಂಟಿನ ಹಾಡು. ಪಿನ್ ಅಲುಗಿದಾಗ ಮಾತ್ರ ಚರಚರ ಅಂದ್ರೆ ಜಾಕ್‌ನಲ್ಲಿ ಧೂಳು. (ನಮ್ಮೂರ ಬೇಸಿಗೆ ಗಾಳಿಗೆ ಅದೇನು ಕಡಿಮೆಯಾ?) ಮೌಸ್ ಸರಿಸಿದಾಗ ಕೀಂಯ್ ಅಂದ್ರೆ ಕಂಪ್ಯೂಟರಿನ ಹೊಟ್ಟೆಯೊಳಗಿನದು. ಅದಕ್ಕೆ ಡಬ್ಬದ ಮುಂದಿನ ಜಾಕ್ ಬಿಟ್ಟು ಹಿಂದಿನ ಹಸಿರು ಜಾಕ್‌ಗೆ ಹಾಕಿ. ಬಗ್ಗೋದಕ್ಕೆ ಸೋಮಾರಿತನ ಅಂತ ತಾನೇ ಮುಂದೆ ಹಾಕಿದ್ದು?

ಇನ್ನು ಟಪ್ ಅಂದು ಸುಮ್ಮನಾದ್ರೆ ಯಾರದೋ ಬೋರ್‌ವೆಲ್ ಸ್ಟಾರ್ಟರು. ರಾಯದುರ್ಗದಲ್ಲಿ ಪಕ್ಕದ ಮನೇಲಿ ಜೀನ್ಸ್ ಹೊಲಿಯೋ ಮಿಷನ್ ಇದ್ರೆ ಪೆಡಲ್ ತುಳಿದಾಗಲೆಲ್ಲ ನಿಮ್ಮ ಸ್ಪೀಕರೂ ಕೊಸರಬಹುದು. ಆದ್ರೆ ಪಕ್ಕದ ಮನೆಗೆ ಜಗಳಕ್ಕೆ ಹೋಗೋ ಮುಂಚೆ ನಿಮ್ಮ ತಲೆ ಮೇಲಿನ ಫ್ಯಾನಿನ ರೆಗ್ಯುಲೇಟರನ್ನ ಎರಡರಿಂದ ಐದಕ್ಕೆ ತಿರುಗಿಸಿ ನೋಡಿ. ಸದ್ದು ಬದಲಾಯ್ತಾ? ಹಾಗಿದ್ರೆ ಕಳ್ಳ ನಿಮ್ಮ ಮನೇಲೇ ಇದ್ದಾನೆ.

ಹಳೇ ಹಾಡು ಹಾಕ್ಕೊಂಡು "ಕರಕರ ಅಂತೈತೆ" ಅನ್ನೋರದ್ದು ಬೇರೇನೇ ಪಂಗಡ. ಕಾಕಿನಾಡದಲ್ಲಿ ಹುಟ್ಟಿ ಕನ್ನಡಿಗರ ಮನೆಮಗ ಆದ ಪಿ.ಬಿ. ಶ್ರೀನಿವಾಸ್ ಹಾಡು ಅದು, ಸವೆದ ತಟ್ಟೆಯಿಂದ ಯಾರೋ ಇಳಿಸಿ ಯೂಟ್ಯೂಬಿಗೆ ಏರಿಸಿದ್ದು. ಕರಕರ ಆ ತಟ್ಟೆಯದು. ಅದೇ ಹಾಡನ್ನ ಫೋನಲ್ಲಿ ಒಂದ್ಸಲ ಕೇಳಿದ್ರೆ ಗೊತ್ತಾಗ್ತಿತ್ತು. ನೀವು ಸ್ಕ್ರೂಡ್ರೈವರ್ ತಗೊಂಡ್ರಿ.

ಮತ್ತೆ ಆ ವಾಲ್ಯೂಮ್! ಸ್ಪೀಕರಿನ ಗುಂಡಿ ಪೂರ್ತಿ ತಿರುಗಿಸಿ, ಕಂಪ್ಯೂಟರಲ್ಲಿ 20ಕ್ಕೆ ಇಡ್ತೀರ. ಆಗ ಸ್ಪೀಕರು ಹಾಡಿನ ಜೊತೆ ಹಿಸ್ಸ್ ಅನ್ನೋದನ್ನೂ ದೊಡ್ಡದು ಮಾಡ್ತೈತೆ. ಉಲ್ಟಾ ಮಾಡಿ, ಕಂಪ್ಯೂಟರಲ್ಲಿ 80, ಗುಂಡಿ ಕಾಲು ಭಾಗ. ಮೀಟಿಂಗಲ್ಲಿ "ಕೇಳಿಸ್ತಾ? ಕೇಳಿಸ್ತಾ?" ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗೋರಿಗೂ ಇದೇ ಮದ್ದು. ಸೆಟ್ಟಿಂಗ್ಸ್ ಒಳಗೆ ಮೈಕ್ ಬೂಸ್ಟ್ 30 ಡೆಸಿಬೆಲ್‌ಗೆ ಏರಿ ಕೂತಿರ್ತೈತೆ, ಅದನ್ನ ಇಳಿಸಿ ಮೈಕನ್ನ ಬಾಯಿ ಹತ್ರ ತನ್ನಿ.

ಈಗ ಅಸಲಿ ವಿಷಯಕ್ಕೆ ಬರೋಣ. ಲ್ಯಾಪ್‌ಟಾಪಲ್ಲಿ ಗುಂಯ್ ಅನ್ನೋವಾಗ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಸದ್ದು ನಿಂತ್ರೆ ಸ್ಪೀಕರ್ ನಿರಪರಾಧಿ. ಲೋಹದ ಮೈಯ ಲ್ಯಾಪ್‌ಟಾಪ್ ಆದ್ರೆ ಚಾರ್ಜಿಗೆ ಹಾಕಿದಾಗ ಅದರ ಅಂಚಿಗೆ ಮುಂಗೈ ತಾಗಿದ್ರೆ ಸಣ್ಣಗೆ ಜುಂ ಅನ್ನೋದಿಲ್ವಾ? (ಅದೇನೋ ಹೊಸ ಸೌಲಭ್ಯ ಅಂತ ನೆಂಟರಿಗೂ ಮುಟ್ಟಿಸಿ ತೋರಿಸಿದ್ರಲ್ಲ, ಅದೇ.) ಚಾರ್ಜರಿನಿಂದ ಸೋರೋ ಕರೆಂಟಿಗೆ ಭೂಮಿಗೆ ಇಳಿಯೋ ದಾರಿ ಇಲ್ಲ ಅನ್ನೋದರ ಗುರುತು ಅದು.

ಎಲೆಕ್ಟ್ರಿಷಿಯನ್ನನ್ನ ಕರೆಸಿ, ಮೇನ್ ಆಫ್ ಮಾಡಿಸಿ, ಚಾರ್ಜರ್ ಹಾಕೋ ಮೂರು ತೂತಿನ ಸಾಕೆಟ್ಟಿನ ಮುಚ್ಚಳ ಬಿಚ್ಚಿಸಿ. ಮೇಲಿನ ದಪ್ಪ ತೂತು ಅರ್ತಿಂಗಿನದು. ಅದರ ಹಿಂದೆ ಹಸಿರು ವೈರು ಬಂದು ಸ್ಕ್ರೂಗೆ ಬಿಗಿಯಾಗಿರಬೇಕು. ಎಷ್ಟೋ ಮನೇಲಿ ಅದು ಸುರುಳಿ ಸುತ್ಕೊಂಡು ಡಬ್ಬಿಯ ಮೂಲೇಲಿ ಮಲಗಿರ್ತೈತೆ, ಯಾವುದಕ್ಕೂ ಸೇರದೆ.

ಸೇರಿದ್ರೂ ಆ ವೈರು ಹೋಗಿ ಮುಟ್ಟೋದು ಹಿತ್ತಲ ಅರ್ತಿಂಗ್ ಗುಂಡಿಯನ್ನ. ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ಮೇಲೆ ಮುಚ್ಚಳ ಹಾಕಿರ್ತಾರೆ. ಒದ್ದೆ ಮಣ್ಣು ಕರೆಂಟನ್ನ ಎಳ್ಕೊಳ್ತೈತೆ, ಒಣ ಮಣ್ಣು ಒಲ್ಲೆ ಅಂತೈತೆ. ಅನಂತಪುರ ಸೀಮೆಗೆ ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್, ಅದೂ ಬಂದ್ರೆ. ಕಡ್ಲೆಕಾಯಿ ಗಿಡಕ್ಕೇ ಸಾಲದ ನೀರು ಆ ಗುಂಡಿಗೆ ಎಲ್ಲಿಂದ ಇಳೀಬೇಕು? ಕರಿಬೇವಿಗೆ ದಿನಾ ಒಂದು ಚೊಂಬು ನೀರು ಹಾಕ್ತೀರ. ಪಕ್ಕದಲ್ಲೇ ಇರೋ ಗುಂಡಿಯ ಮುಚ್ಚಳ ಕೊನೇ ಸಲ ಎತ್ತಿದ್ದು ಯಾವಾಗ? ಗೃಹಪ್ರವೇಶದ ದಿನ ಅಲ್ವಾ?

ಅರ್ತಿಂಗ್ ಚೆನ್ನಾಗಿದ್ದೂ ಗುಂಯ್ ಅನ್ನೋ ಮನೆಗಳೂ ಇವೆ. ಕಂಪ್ಯೂಟರ್ ಒಂದು ಕೋಣೆಯ ಸಾಕೆಟ್ಟಲ್ಲಿ, ಆಂಪ್ಲಿಫೈಯರ್ ಇನ್ನೊಂದು ಕೋಣೇದರಲ್ಲಿ, ನಡುವೆ ಉದ್ದ ಆಡಿಯೋ ಕೇಬಲ್ಲು. ಆಗ ಭೂಮಿಗೆ ಎರಡು ದಾರಿ ಆಗಿ, ಕರೆಂಟು ಆ ಕೇಬಲ್ಲಿನೊಳಗೇ ಪ್ರದಕ್ಷಿಣೆ ಹಾಕ್ತೈತೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದ್ರೆ ಬಹಳ ಸಲ ಸುಮ್ಮನಾಗ್ತೈತೆ. ಆಗಲಿಲ್ಲ ಅಂದ್ರೆ ಗ್ರೌಂಡ್ ಲೂಪ್ ಐಸೊಲೇಟರ್ ಅನ್ನೋ ಪುಟ್ಟ ಡಬ್ಬಿ ಸಿಗ್ತೈತೆ, ಕೇಬಲ್ಲಿನ ನಡುವೆ ಸಿಕ್ಕಿಸಿ.

ಒಂದು ಮಾತು ಮಾತ್ರ ನಗದೆ ಕೇಳಿ. ಮೂರನೇ ಪಿನ್ನು ಮುರಿದ್ರೆ ಗುಂಯ್ ನಿಲ್ತೈತೆ ಅಂತ ಯಾರೋ ಜಾಣರು ನಿಮಗೆ ಹೇಳಿರ್ತಾರೆ. ಒಂದೊಂದು ಸಲ ನಿಲ್ಲೋದೂ ನಿಜ. ಆದ್ರೆ ನಾಳೆ ಒಳಗೆ ವೈರು ಸುಟ್ಟು ಡಬ್ಬದ ಮೈಗೆ ತಾಗಿದ್ರೆ, ಆ ಕರೆಂಟು ಇಳಿಯೋಕೆ ದಾರಿ ಹುಡುಕೋದು ಮುಟ್ಟಿದವರ ಮೈಯೊಳಗೆ. ಸ್ಪೀಕರಿಗೆ ಬೇಕಾದ್ರೆ ಇನ್ನೆರಡು ಏಟು ಹಾಕಿ, ನನ್ನ ಅಡ್ಡಿ ಇಲ್ಲ. ಆ ಪಿನ್ನಿನ ತಂಟೆಗೆ ಮಾತ್ರ ಹೋಗಬೇಡಿ, ಈ ಬೇಸಿಗೇಲಿ ಗುಂಡಿಗೆ ವಾರಕ್ಕೆರಡು ಬಿಂದಿಗೆ ನೀರು ಹುಯ್ಯಿರಿ.