ಕಾಮಾ ಸಾಲದು ಮಾಮ

ಅಕ್ಕನ ಮಗಳು ಅಮೆರಿಕದ ಕಾಲೇಜಿಗೆಂದು ಎಸ್‌ಎಟಿ ಬರೆಯುತ್ತಾಳಂತೆ. ಇಂಗ್ಲಿಷ್ ಎಂ.ಎ. ಮಾಡಿದ ತಪ್ಪಿಗೆ ನಾನೇ ಮೇಷ್ಟ್ರು. ಅಟ್ಟದ ಮೇಲಿದ್ದ ನನ್ನ ಕಾಲದ ಗೈಡನ್ನು ಇಳಿಸಿ, ದೂಳು ಕೊಡವಿ, "ಇದಕ್ಕೆ ಅದು ಹೇಗೋ, ಅದಕ್ಕೆ ಯಾವುದು?" ಅಂತ ಜೋಡಿಪದಗಳಿಂದ ಶುರು ಮಾಡಿದೆ.

"ಮಾಮ, ಅದನ್ನ 2005ರಲ್ಲೇ ತೆಗೆದುಹಾಕಿದ್ದಾರೆ. ಆಗ ನಾನು ಹುಟ್ಟಿರಲೇ ಇಲ್ಲ."

ಈಗ ಎಲ್ಲಾ ಪರದೆಯ ಮೇಲೆ: ಇಂಗ್ಲಿಷ್ ಭಾಗದಲ್ಲಿ 64 ನಿಮಿಷಕ್ಕೆ 54 ಪ್ರಶ್ನೆ. ಮೊದಲರ್ಧ ಚೆನ್ನಾಗಿ ಮಾಡಿದರೆ ಎರಡನೆಯರ್ಧ ಕಷ್ಟದ್ದು ಬರುತ್ತದೆ. ಥೇಟ್ ನಮ್ಮ ಆಫೀಸು!

ಹುಡುಗಿಯ ಇಂಗ್ಲಿಷ್ ಚೆನ್ನಾಗಿಯೇ ಇದೆ, ತೊಂದರೆಯೂ ಅದೇ. 'ಯುಬಿಕ್ವಿಟಸ್' ಅಂದರೆ ಪಟ್ಟಂತ ಅರ್ಥ ಹೇಳುತ್ತಾಳೆ. ಮುಗ್ಗರಿಸುವುದು ಪರಿಚಿತ ಪದಗಳಲ್ಲಿ. ಒಂದು ಸಿದ್ಧಾಂತ 'ಕರೆನ್ಸಿ' ಗಳಿಸಿತು ಎಂದಿತ್ತು. "ಸಿದ್ಧಾಂತಕ್ಕೆ ದುಡ್ಡು ಕೊಟ್ಟವರ್‍ಯಾರು?" ಅಂದಳು. ಚಲಾವಣೆಗೆ ಬಂತು ಅಂತಷ್ಟೇ ಅರ್ಥ ಕಣೇ ಎಂದೆ. ಟೀಕೆಯನ್ನು 'ಟೆಂಪರ್' ಮಾಡುವುದೆಂದರೆ ಸಿಟ್ಟಿಗೇಳುವುದಲ್ಲ, ಮೆತ್ತಗಾಗಿಸುವುದು ಎಂದಾಗ ಅವಳಿಗೇ ಟೆಂಪರ್ ಏರಿತು.

ಆಮೇಲೆ ಸೆಮಿಕೋಲನ್. ನಾನಂತೂ ಉಸಿರು ಕಟ್ಟಿದಲ್ಲೆಲ್ಲ ಕಾಮಾ ಉದುರಿಸಿ ಬದುಕಿದವನು. 'ಹೌಎವರ್' ಎರಡು ವಾಕ್ಯಗಳ ನಡುವೆ ಬಂದರೆ ಹಿಂದೆ ಸೆಮಿಕೋಲನ್, ಮುಂದೆ ಕಾಮಾ ಎಂಬುದನ್ನು ಅವಳ ಜೊತೆ ನಾನೂ ಕಲಿತೆ.

ನಿನ್ನೆ ನನ್ನ ಹೆಂಡತಿ ಮೆಸೇಜು ಕಳಿಸಿದ್ದಳು: "ಹಾಲು ತನ್ನಿ, ಅಂಗಡಿ ಮುಚ್ಚುತ್ತೆ."

ಇಣುಕಿ ನೋಡಿದ ಹುಡುಗಿ, "ಎರಡು ಪೂರ್ಣ ವಾಕ್ಯ ಮಾಮ, ಕಾಮಾ ಸಾಲದು" ಅಂದಳು. ಅದನ್ನು ಚರ್ಚಿಸುವಷ್ಟರಲ್ಲಿ ಅಂಗಡಿ ಮುಚ್ಚಿತ್ತು.